16 ಎಂಬಿ ಗೆರೆ ಎಲ್ಲಿಂದ ಬಂತು? ಡಿಎಂಎ ಡ್ರೈವರ್‌ಗಳ ಹಳೇ ಕಥೆ

ಇಂಟರಪ್ಟ್ ವಿಡಿಯೊ ಆದ್ಮೇಲೆ ಡಿಎಂಎ, ಅಂದ್ರೆ ಡೈರೆಕ್ಟ್ ಮೆಮೊರಿ ಆಕ್ಸೆಸ್ ಬಗ್ಗೆಯೂ ಹೇಳಿ ಅಂತ ಸುಮಾರು ಜನ ಕೇಳಿದ್ರಿ. ಎಂಟೆಕ್‌ನಲ್ಲಿ ಲಿನಕ್ಸ್ ಕರ್ನೆಲ್ ಓದುವಾಗ ನನ್ನನ್ನ ಕಾಡಿದ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಗಿಗಾಬೈಟ್‌ಗಟ್ಟಲೆ ಮೆಮೊರಿ ಇರೋ ಯಂತ್ರದಲ್ಲಿ ಮೊದಲ 16 ಎಂಬಿಯನ್ನ ಬೇರೆ ಮಾಡಿ, 'ಜೋನ್ ಡಿಎಂಎ' ಅಂತ ಹೆಸರಿಟ್ಟು ಕಾಯೋದು ಯಾಕೆ?

ಉತ್ತರಕ್ಕೆ 1981ರ ಐಬಿಎಂ ಪಿಸಿಗೆ ಹೋಗ್ಬೇಕು. ಅದರ ಇಂಟೆಲ್ 8088 ಪ್ರೊಸೆಸರ್‌ನ ವಿಳಾಸ 20 ಬಿಟ್, ಅಂದ್ರೆ 1 ಎಂಬಿ. ಫ್ಲಾಪಿಯ ಒಂದೊಂದು ಬೈಟನ್ನೂ ಪ್ರೊಸೆಸರೇ ಹೊರೋದು ಬೇಡ ಅಂತ 8237 ಅನ್ನೋ ಡಿಎಂಎ ಚಿಪ್ ಹಾಕಿದ್ರು. 'ಇಲ್ಲಿಂದ ಶುರು, ಇಷ್ಟು ಬೈಟ್' ಅಂತ ಡ್ರೈವರ್ ಹೇಳಿದ್ರೆ ಸಾಕು, ಕೆಲಸ ಮುಗಿದಾಗ ಇಂಟರಪ್ಟ್ ಬರುತ್ತೆ. (ಅದರ ನಾಲ್ಕು ಚಾನೆಲ್‌ಗಳಲ್ಲಿ ಒಂದು ಮೆಮೊರಿ ರಿಫ್ರೆಶ್‌ಗೇ ಹೋಯ್ತು, ಅದು ಬೇರೆ ಕಥೆ.) ಆದ್ರೆ ಆ ಚಿಪ್ 8 ಬಿಟ್ ಪ್ರೊಸೆಸರ್‌ಗಳಿಗೆ ಮಾಡಿದ್ದು. ಅದಕ್ಕೆ ಗೊತ್ತಿದ್ದದ್ದು 16 ಬಿಟ್ ವಿಳಾಸ, 64 ಕೆಬಿ ಅಷ್ಟೇ. ಉಳಿದ 4 ಬಿಟ್‌ಗೆ ಐಬಿಎಂನವರು ಹೊರಗಡೆ ಒಂದು ಪೇಜ್ ರಿಜಿಸ್ಟರ್ ಜೋಡಿಸಿದ್ರು.

ಎಡವಟ್ಟು ಇರೋದೇ ಈ ಜೋಡಣೆಯಲ್ಲಿ. ಬೆಂಗಳೂರಿನ ವಿಳಾಸ ನೆನಪಿಸ್ಕೊಳ್ಳಿ: ಕ್ರಾಸ್ ನಂಬರು, ಮನೆ ನಂಬರು. 8237 ಏರಿಸೋದು ಮನೆ ನಂಬರನ್ನ ಮಾತ್ರ. ಕೊನೇ ಮನೆ ಆದ್ಮೇಲೆ ಮುಂದಿನ ಕ್ರಾಸಿಗೆ ಹೋಗಲ್ಲ, ಅದೇ ಕ್ರಾಸಿನ ಮೊದಲ ಮನೆಗೆ ವಾಪಸ್ ಬರುತ್ತೆ. ಬಫರ್ ಆ 64 ಕೆಬಿ ಗೆರೆ ದಾಟಿದ್ರೆ ಫ್ಲಾಪಿಯ ಡೇಟಾ ಯಾರದೋ ಮೆಮೊರಿ ಮೇಲೆ ಹೋಗಿ ಕೂರುತ್ತೆ. ಚಿಪ್ ಬಾಯಿ ಬಿಡಲ್ಲ. ಬಯಾಸ್ ಮಾತ್ರ ಮೊದಲೇ ಲೆಕ್ಕ ಹಾಕಿ 09 ಅನ್ನೋ ಎರರ್ ಕೋಡ್ ಕೊಡ್ತಿತ್ತು. ಬಯಾಸ್ ಬಿಟ್ಟು ನೇರವಾಗಿ ಚಿಪ್ ಜೊತೆ ವ್ಯವಹರಿಸೋ ಡ್ರೈವರ್ ಆ ಲೆಕ್ಕ ತಾನೇ ಹಾಕ್ಬೇಕು. ಲಿನಕ್ಸ್‌ನ ಫ್ಲಾಪಿ ಡ್ರೈವರ್‌ಗೆ 'ಕ್ರಾಸ್ 64 ಕೆಬಿ' ಅನ್ನೋ ಮ್ಯಾಕ್ರೊ ಇರೋದು ಇದಕ್ಕೇ.

1984ರ ಪಿಸಿ/ಎಟಿಯಲ್ಲಿ 80286 ಬಂತು, ವಿಳಾಸ 24 ಬಿಟ್ ಆಯ್ತು. ಪೇಜ್ ರಿಜಿಸ್ಟರ್ ಹಿಗ್ಗಿಸಿ, ಎರಡನೇ 8237 ಸೇರಿಸಿದ್ರು. 24 ಬಿಟ್ ಅಂದ್ರೆ 16 ಎಂಬಿ, ನಮ್ಮ ಗೆರೆ ಇದೇ. ತಮಾಷೆ ಅಂದ್ರೆ, ಎಟಿಯ ಹಾರ್ಡ್ ಡಿಸ್ಕ್‌ಗೆ ಡಿಎಂಎಯನ್ನೇ ಬಿಟ್ಟುಬಿಟ್ರು! ಹಳೇ ಚಿಪ್‌ಗಿಂತ ಪ್ರೊಸೆಸರ್ ತಾನೇ ಹೊತ್ತು ಹಾಕೋದು ವೇಗವಾಗಿತ್ತು.

ಮುಂದೆ 386ರ ವಿಳಾಸ 32 ಬಿಟ್‌ಗೆ ಏರಿದ್ರೂ ಐಎಸ್‌ಎ ಕಾರ್ಡ್‌ಗಳು 24 ಬಿಟ್‌ನಲ್ಲೇ ಉಳಿದವು. ಲಿನಕ್ಸ್ ಡ್ರೈವರ್ ಬರೆಯೋರಿಗೆ ಎರಡು ದಾರಿ. ಮೆಮೊರಿ ಕೇಳುವಾಗಲೇ 'ಜಿಎಫ್‌ಪಿ ಡಿಎಂಎ' ಅಂತ ಹೇಳಿ 16 ಎಂಬಿ ಕೆಳಗಿನ ಜಾಗ ತಗೊಳ್ಳೋದು, ಇಲ್ಲಾ ಬೌನ್ಸ್ ಬಫರ್: ಡೇಟಾವನ್ನ ಮೊದಲು ಕೆಳಗೆ ಇಳಿಸಿ, ಆಮೇಲೆ ಪ್ರೊಸೆಸರ್ ಕೈಯಲ್ಲಿ ಮೇಲಕ್ಕೆ ಕಾಪಿ ಮಾಡಿಸೋದು. ಯಾವ ಹೊರೆ ತಪ್ಪಿಸೋಕೆ ಡಿಎಂಎ ಬಂತೋ ಆ ಹೊರೆ ಮತ್ತೆ ಪ್ರೊಸೆಸರ್ ತಲೆಗೇ!

1992ರಲ್ಲಿ ಬಂದ ಪಿಸಿಐನಲ್ಲಿ ಮಧ್ಯದ ಡಿಎಂಎ ಚಿಪ್ ಬೇಡವಾಯ್ತು, ಕಾರ್ಡೇ ಬಸ್ ಹಿಡಿದು ಡೇಟಾ ಸಾಗಿಸುತ್ತೆ. ತನ್ನ ಕಾರ್ಡ್ ಎಷ್ಟು ಬಿಟ್ ವಿಳಾಸ ಮುಟ್ಟಬಲ್ಲದು ಅಂತ ಡ್ರೈವರ್ ಡಿಎಂಎ ಮಾಸ್ಕ್ ಮೂಲಕ ಕರ್ನೆಲ್‌ಗೆ ಹೇಳ್ಬೇಕು. ಎಷ್ಟೋ ಕಾರ್ಡ್‌ಗಳು 32 ಬಿಟ್‌ಗೇ ನಿಂತವು. ಯಂತ್ರಗಳ ಮೆಮೊರಿ 4 ಜಿಬಿ ದಾಟಿದಾಗ ಮತ್ತೆ ಅದೇ ಹಾಡು: 'ಜೋನ್ ಡಿಎಂಎ32', ಮತ್ತೆ ಬೌನ್ಸ್ ಬಫರ್. ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ರೆ ಬೂಟ್ ಲಾಗ್ ತೆಗೆದು 'ಜೋನ್ ರೇಂಜಸ್' ಅಂತ ಹುಡುಕಿ. ಸಾಮಾನ್ಯವಾಗಿ ಎರಡೂ ಗೆರೆ ಅಲ್ಲೇ ಕಾಣುತ್ತೆ, ಮೊದಲು 16 ಎಂಬಿಯದ್ದು, ಆಮೇಲೆ 4 ಜಿಬಿಯದ್ದು.