ಚಿಪ್ಳೂಣದ ಗೋಡೆಯ ಮೇಲಿನ ಗೆರೆ

ಮುಂಬಯಿಯಿಂದ ಮತ್ಸ್ಯಗಂಧ ಹಿಡಿದು ಊರಿಗೆ ಹೋಗುವ ನಮಗೆಲ್ಲ ಚಿಪ್ಳೂಣ್ ಅಂದರೆ ರಾತ್ರಿ ಹೊತ್ತಿನ ಒಂದು ಸ್ಟೇಷನ್, ಕಿಟಕಿಯಲ್ಲಿ ಕೊಂಡ ಬಟಾಟೆವಡೆ, ಅಷ್ಟೆ. ನನಗೂ ಅಷ್ಟೇ ಆಗಿತ್ತು, ಆಫೀಸಿನಲ್ಲಿ ಪಕ್ಕದ ಮೇಜಿಗೆ ಆ ಊರಿನವರೊಬ್ಬರು ಬರುವ ತನಕ. 2005ರ ಜುಲೈ 26ರ ನೀರು ಎಲ್ಲಿವರೆಗೆ ನಿಂತಿತ್ತು ಅಂತ ಅವರು ಮನೆ ಗೋಡೆಗೆ ಗೆರೆ ಎಳೆದಿಟ್ಟಿದ್ದರು. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ, ನಮ್ಮ ಪಾಡೇ ನಮಗಾಗಿತ್ತು, ಚಿಪ್ಳೂಣದ ಸುದ್ದಿ ಯಾರು ಕೇಳಿದರು ಹೇಳಿ!

ಆ ಊರು ಬೆಳೆದದ್ದೇ ಖಾಡಿಯ ದೆಸೆಯಿಂದ. ಸಹ್ಯಾದ್ರಿಯಿಂದ ಇಳಿದ ವಾಶಿಷ್ಠಿ ದಾಭೋಳದಲ್ಲಿ ಸಮುದ್ರ ಸೇರುತ್ತದೆ. ಉಬ್ಬರದ ನೀರು ಊರ ಪಕ್ಕದ ಗೋವಳಕೋಟದ ತನಕ ಏರಿ ಬರುತ್ತದೆ. ಹಿಂದೆ ಅದನ್ನೇ ಹಿಡಿದು ಸರಕಿನ ದೋಣಿಗಳು ಬರುತ್ತಿದ್ದವು, ಪೇಟೆ ತಗ್ಗಿನಲ್ಲೇ ಬೆಳೆಯಿತು. ಮಳೆಗಾಲದಲ್ಲಿ ಘಟ್ಟದ ನೀರು ಇಳಿಯುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಉಬ್ಬರ ಬಂದರೆ ನೀರು ಎಲ್ಲಿಗೆ ಹೋಗಬೇಕು? ಊರೊಳಗಿನ ಶಿವನದಿ ತುಂಬಿ ಪೇಟೆಗೇ ನುಗ್ಗುತ್ತದೆ. ಕುಂದಾಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರಶುರಾಮ ಸಮುದ್ರವನ್ನು ಹಿಂದೆ ಸರಿಸಿದ ಅಂತ ನಾವೂ ಹೇಳುತ್ತೇವೆ, ಅವರೂ ಹೇಳುತ್ತಾರೆ. ಅವರ ಪರಶುರಾಮನ ಗುಡಿ ಮಾತ್ರ ಮೇಲೆ ಗುಡ್ಡದಲ್ಲಿದೆ... ದೇವರು ಜಾಗ ನೋಡಿಕೊಂಡೇ ಕೂತಿದ್ದಾನೆ!

ಇದರ ಜೊತೆಗೆ ಕೊಯ್ನಾದ ನೀರು. ಅದು ಕೃಷ್ಣೆಗೆ ಸೇರಿ ನಮ್ಮ ಆಲಮಟ್ಟಿಗೆ ಬರಬೇಕಾದ ಹೊಳೆ. 1962ರಿಂದ ಅದರ ಒಂದು ಪಾಲನ್ನು ಸುರಂಗದಲ್ಲಿ ಪಶ್ಚಿಮಕ್ಕೆ ತಿರುಗಿಸಿ, ಪೋಫಳಿಯಲ್ಲಿ ಕರೆಂಟು ತೆಗೆದು, ವಾಶಿಷ್ಠಿಗೆ ಬಿಡುತ್ತಿದ್ದಾರೆ. ನ್ಯಾಯಮಂಡಳಿ ಇದಕ್ಕೆ ಹಾಕಿದ ಮಿತಿಯೇ ವರ್ಷಕ್ಕೆ 67.5 ಟಿಎಂಸಿ.

2021ರ ಜುಲೈ 22. ರಾತ್ರಿಯಿಡೀ ಮಳೆ, ಹುಣ್ಣಿಮೆ ಹತ್ತಿರದ ದೊಡ್ಡ ಉಬ್ಬರ. ವಾಶಿಷ್ಠಿ ಸೇತುವೆಯಲ್ಲಿ ನೀರು ಅಪಾಯದ ಮಟ್ಟ ದಾಟಿ ನಮ್ಮ ರೈಲುಗಳೂ ನಿಂತವು. ಮೇಲಿನ ಅಣೆಕಟ್ಟಿಂದ ನೀರು ಬಿಟ್ಟದ್ದೇ ಕಾರಣ ಅಂತ ಊರವರು, ಅಲ್ಲ ಮಳೆ ಅಂತ ಅಧಿಕಾರಿಗಳು. ನನಗನಿಸುವುದು, ಈ ಜಗಳದಲ್ಲಿ ಹೂಳಿನ ಮಾತು ಹಿಂದೆ ಬಿತ್ತು. ದೋಣಿ ಬರುತ್ತಿದ್ದ ಪಾತ್ರ ಅಷ್ಟು ವರ್ಷ ತುಂಬುತ್ತಲೇ ಇತ್ತಲ್ಲ?

ನನಗೆ ಹೆಚ್ಚು ಹೊಟ್ಟೆ ಉರಿದದ್ದು ಅಲ್ಲಿನ ಲೋಕಮಾನ್ಯ ತಿಲಕ ಸ್ಮಾರಕ ವಾಚನ ಮಂದಿರದ ಬಗ್ಗೆ. 1864ರ ಗ್ರಂಥಾಲಯ ಅದು. 2005ರಲ್ಲಿ ಸಾವಿರಗಟ್ಟಲೆ ಪುಸ್ತಕ ನೀರುಪಾಲಾದವು. ಮತ್ತೆ ಕೂಡಿಸಿದರು. 2013ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವೇ ಆ ಊರಲ್ಲಿ ನಡೆಯಿತು. 2021ರಲ್ಲಿ ಪುನಃ ಅದೇ ಕೆಸರು, ಅದೇ ಒದ್ದೆ ಪುಸ್ತಕಗಳ ರಾಶಿ. ನಮ್ಮ ಕನ್ನಡ ಸಂಘದ ನಾಲ್ಕು ಕಪಾಟು ಪುಸ್ತಕ ಕಾಯುವುದೇ ನಮಗೆ ಸಾಕಾಗುತ್ತದೆ, ಅವರು ಎರಡೆರಡು ಸಲ ಮೊದಲಿಂದ ಶುರುಮಾಡಿದ್ದಾರೆ.

ಊರವರು ಉಪವಾಸ ಕೂತ ಮೇಲೆ ವಾಶಿಷ್ಠಿಯ ಹೂಳೆತ್ತುವ ಕೆಲಸ ಜೋರಾಯಿತು. ಸಹೋದ್ಯೋಗಿಯ ಮನೆಯಲ್ಲಿ ಹಳೇ ಗೆರೆಯ ಮೇಲೆ ಎರಡು ಗೇಣಿಗೆ ಇನ್ನೊಂದು ಗೆರೆ ಬಿದ್ದಿದೆ. ಈ ಸಲ ಆಯಿಲ್ ಪೇಂಟಿನಲ್ಲಿ ಎಳೆದರಂತೆ. ಮೊದಲಿನದು ಪೆನ್ಸಿಲ್ಲಿನದು, ನೀರಿಗೆ ಅರ್ಧ ಅಳಿಸಿತ್ತು.