ದಾರಿ ತೋರಿದವನ ಮಾತು

ಪರಸ್ಥಳ ನೋಡಲು ಹೊರಟವನಿಗೆ ಅಲ್ಲಿಯವನೊಬ್ಬನ ಜೊತೆ ಬೇಕು. ಒಬ್ಬನೇ ಹೋದರೆ ಕಲ್ಲು ಕಂಡೀತು, ಕಲ್ಲಿನ ಕಥೆ ಕೇಳಿಸದು. ಆದರೆ ಆ ಜೊತೆಗಾರ ಹೇಳುವುದನ್ನೆಲ್ಲ ನಂಬಬೇಕೆ? ಈ ಪ್ರಶ್ನೆ ಇಂದು ನಿನ್ನೆಯದಲ್ಲ.

ಕ್ರಿ.ಪೂ. 5ನೆಯ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿಗೆ ಹೋದಾಗ, ಪಿರಮಿಡ್ಡಿನ ಮೇಲಿನ ಬರಹವನ್ನು ದುಭಾಷಿಯೊಬ್ಬ ಅವನಿಗೆ ಓದಿ ಹೇಳಿದನಂತೆ. ಕೂಲಿಕಾರರಿಗೆ ಒದಗಿಸಿದ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳಿಗೇ 1,600 ಟ್ಯಾಲೆಂಟ್ ಬೆಳ್ಳಿ ಖರ್ಚಾಯಿತೆಂದು ಅದರಲ್ಲಿತ್ತಂತೆ! ಆ ದುಭಾಷಿಗೆ ನಿಜವಾಗಿ ಓದಲು ಬರುತ್ತಿತ್ತೆ ಎಂಬ ಸಂಶಯ ವಿದ್ವಾಂಸರಿಗೆ ಇಂದಿಗೂ ಉಂಟು.

ಆರು ಶತಮಾನಗಳು ಕಳೆದು, ಗ್ರೀಸ್ ರೋಮಿನ ಆಳ್ವಿಕೆಗೆ ಒಳಪಟ್ಟಿದ್ದ ಕಾಲಕ್ಕೆ, ಅಲ್ಲಿನ ಕ್ಷೇತ್ರಗಳಲ್ಲಿ ದಾರಿ ತೋರಿ ಕಥೆ ಹೇಳುವುದೇ ಒಂದು ವೃತ್ತಿಯಾಗಿತ್ತು. ಡೆಲ್ಫಿಯ ಅರ್ಚಕನೂ ಆಗಿದ್ದ ಪ್ಲುಟಾರ್ಕ್ ತನ್ನ ಸಂವಾದವೊಂದರಲ್ಲಿ ಇವರನ್ನು ಚಿತ್ರಿಸಿದ್ದಾನೆ. ಸಂಕ್ಷೇಪವಾಗಿ ಹೇಳಿರೆಂದು ಬಂದವರು ಎಷ್ಟು ಬೇಡಿದರೂ ಅವರು ಬಾಯಿಪಾಠ ಒಪ್ಪಿಸಿಯೇ ತೀರುತ್ತಿದ್ದರು. ಕಟ್ಟುಕಥೆಗಳನ್ನು ತೆಗೆದುಹಾಕಿದರೆ ಇವರು ಹಸಿವಿನಿಂದ ಸಾಯಬೇಕಾದೀತು ಎಂದು ವಿಡಂಬನಕಾರ ಲೂಸಿಯನ್ ನಗೆಯಾಡಿದ್ದಾನೆ.

ಇಂಥವರನ್ನು ನೆಚ್ಚಿಯೂ ನೆಚ್ಚದೆಯೂ ಊರೂರು ಸುತ್ತಿದವನು ಕ್ರಿ.ಶ. 2ನೆಯ ಶತಮಾನದ ಪಾಸೇನಿಯಸ್. ಗ್ರೀಸಿನ ವರ್ಣನೆಯನ್ನು ಅವನು ಹತ್ತು ಸಂಪುಟಗಳಲ್ಲಿ ಬರೆದಿದ್ದಾನೆ. ಟ್ರಾಯ್ ನಗರದಿಂದ ತಂದ ಅಥೀನಾದೇವಿಯ ಮೂರ್ತಿ ತಮ್ಮಲ್ಲಿಯೇ ಇದೆಯೆಂದು ಆರ್ಗಾಸ್ ಊರಿನವರು ಹೇಳಿದರೆ, ಅದು ಇಟಲಿಗೆ ಹೋಯಿತೆಂದು ಅವನು ತಿದ್ದುತ್ತಾನೆ. ತಾವು ಹೇಳುವುದೆಲ್ಲ ನಿಜವಲ್ಲವೆಂದು ಅಲ್ಲಿನ ಮಾರ್ಗದರ್ಶಕರಿಗೂ ಗೊತ್ತು. ಆದರೆ ಜನರ ನಂಬಿಕೆಯನ್ನು ಬದಲಿಸುವುದು ಸುಲಭವಲ್ಲ ಎಂದು ಸೇರಿಸುತ್ತಾನೆ.

ಆದರೂ ಒಲಿಂಪಿಯಾದಲ್ಲಿ ಅರಿಸ್ಟಾರ್ಕಸ್ ಎಂಬ ಮಾರ್ಗದರ್ಶಕ ಹೇಳಿದ್ದನ್ನು ಅವನು ಬಿಟ್ಟಿಲ್ಲ. ಹೀರಾದೇವಿಯ ಗುಡಿಯ ಮಾಡು ರಿಪೇರಿ ಮಾಡುವಾಗ, ಹಿಂದೆಂದೋ ಯುದ್ಧದಲ್ಲಿ ಗಾಯಗೊಂಡು ಅಲ್ಲಿಗೆ ತೆವಳಿ ಪ್ರಾಣಬಿಟ್ಟಿದ್ದ ಸೈನಿಕನೊಬ್ಬನ ದೇಹ ಸಿಕ್ಕಿತಂತೆ. ಈ ಮಾತು ಯಾವ ಶಾಸನದಲ್ಲೂ ಇರಲಿಲ್ಲ, ಊರಿನವನ ಬಾಯಲ್ಲಿತ್ತು. ಹೆಸರಿಲ್ಲದ ಆ ಸೈನಿಕ ನಮ್ಮವರೆಗೆ ಬಂದದ್ದು ಹೀಗೆ.

ಅದೇ ಗುಡಿಯಲ್ಲಿ ಹರ್ಮಿಸ್ ದೇವನ ಅಮೃತಶಿಲೆಯ ವಿಗ್ರಹವಿದೆಯೆಂದೂ ಪಾಸೇನಿಯಸ್ ಬರೆದಿದ್ದ. 1877ರಲ್ಲಿ ಜರ್ಮನ್ ಉತ್ಖನನಕಾರರಿಗೆ ಅಂಥ ವಿಗ್ರಹ ಅಲ್ಲಿಯೇ ದೊರೆಯಿತು. ಅದು ಮಹಾಶಿಲ್ಪಿ ಪ್ರಾಕ್ಸಿಟಿಲೀಸನ ಕೈಕೆಲಸವೇ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಕೇಳಿದ್ದನ್ನೆಲ್ಲ ಪಾಸೇನಿಯಸ್ ನಂಬಿದ್ದರೆ ಅವನ ಗ್ರಂಥ ಕಂತೆಪುರಾಣವಾಗುತ್ತಿತ್ತು. ಕಿವಿಮುಚ್ಚಿಕೊಂಡಿದ್ದರೆ ಬರಿಯ ಕಲ್ಲುಗಳ ಪಟ್ಟಿಯಾಗುತ್ತಿತ್ತು. ನಾವೂ ಅವನಂತೆ ಜೊತೆಗಾರನನ್ನು ಕರೆದುಕೊಳ್ಳೋಣ, ಅವನ ಮಾತನ್ನು ಪೂರ್ತಿ ಕೇಳೋಣ, ಪ್ರಶ್ನೆಗಳನ್ನೂ ಕೇಳೋಣ. ಅವನ ಕಥೆ ಸುಳ್ಳಾಗಿದ್ದರೂ, ಆ ಊರು ತನ್ನನ್ನು ತಾನು ಏನೆಂದು ತಿಳಿದಿದೆ ಎಂಬ ನಿಜವಾದರೂ ನಮಗೆ ದಕ್ಕೀತು.