ಬೆತ್ತದ ಗುರುತು ಕಾಂಡದೊಳಗೆ

ನಿಮ್ಮ ಶಾಲೆಯಲ್ಲಿರುವ ಹಳೆಯ ಬೆತ್ತದ ಕುರ್ಚಿಯನ್ನು ನೋಡಿ, ಆ ಬೆತ್ತ ಯಾವ ಪ್ರಭೇದದ್ದೆಂದು ಹೇಳಬಲ್ಲಿರಾ? ಚಾಮರಾಜನಗರ, ಗುಂಡ್ಲುಪೇಟೆಗಳ ವಿದ್ಯಾರ್ಥಿಗಳಿಗೆ ಬಂಡೀಪುರದ ಕಡೆಯ ಬಿದಿರು ಚಿರಪರಿಚಿತ. ಬೆತ್ತ ಆ ಬಳಗದ್ದಲ್ಲ. ಅದು ತೆಂಗು, ಅಡಿಕೆಗಳ ಕುಟುಂಬಕ್ಕೆ ಸೇರಿದ, ಮರವೇರುವ ತಾಳೆ. ಬಿದಿರಿನಂತೆ ಟೊಳ್ಳೂ ಅಲ್ಲ.

ಲಿನೇಯಸ್ 1753ರಲ್ಲಿ 'ಕ್ಯಾಲಮಸ್' ಜಾತಿಯನ್ನು ಹೆಸರಿಸಿದ. ಇಟಲಿಯ ಬೆಕ್ಕಾರಿ 1908ರಲ್ಲಿ ಅದರ ಪ್ರಭೇದಗಳನ್ನು ಕುರಿತು ಬೃಹತ್ ಗ್ರಂಥ ಬರೆದ. ಇಬ್ಬರೂ ಬಾಹ್ಯ ಲಕ್ಷಣಗಳನ್ನೇ ನೆಚ್ಚಿದ್ದರು. ನಮ್ಮ ಘಟ್ಟಗಳ ನಾಗಬೆತ್ತಕ್ಕೆ 1970ರಲ್ಲಿ ಶಾಸ್ತ್ರೀಯ ಹೆಸರು ಬಂದಾಗ ಕನ್ನಡದ ಹೆಸರೇ ಲ್ಯಾಟಿನ್ ರೂಪ ತಾಳಿತು. ಕಾಡಿನವರು ಅದನ್ನು ಮೊದಲೇ ಬೇರೆಯಾಗಿ ಗುರುತಿಸಿದ್ದರೆಂಬುದನ್ನು ಗಮನಿಸಿ.

ಆದರೆ ಬೆತ್ತ ಕಡಿದೊಡನೆ ಮುಳ್ಳಿನ ಎಲೆಕವಚವನ್ನು ಸುಲಿದುಬಿಡುತ್ತಾರೆ. ಮುಳ್ಳಿನ ಜೋಡಣೆಯೇ ಪ್ರಭೇದದ ಮುಖ್ಯ ಗುರುತು! ಮಾರುಕಟ್ಟೆಗೆ ಬರುವುದು ಬರಿಯ ಕೋಲು. ಕಾಡಿನಿಂದ ಯಾವ ಪ್ರಭೇದ ಬರಿದಾಗುತ್ತಿದೆ ಎಂದು ತಿಳಿಯಲು ಉಳಿಯುವ ಸಾಕ್ಷಿ ಕಾಂಡವೊಂದೇ.

ತಾಳೆಗಳ ಒಳರಚನೆಯನ್ನು ಟಾಮ್ಲಿನ್‌ಸನ್ 1961ರಲ್ಲಿ ಕ್ರೋಡೀಕರಿಸಿದರು. ಕೇರಳದ ಕ್ಯಾಲಮಸ್‌ಗಳ ಬಾಹ್ಯರೂಪ, ಒಳರಚನೆ, ಭೌತಗುಣಗಳನ್ನು ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ರೇಣುಕಾ, ಭಟ್, ನಂಬಿಯಾರ್ 1987ರಲ್ಲಿ ಒಟ್ಟಿಗೆ ವರದಿ ಮಾಡಿದರು. ಜರ್ಮನಿಯ ವೈನರ್ ಮತ್ತು ಲೀಸ್ 1990ರಲ್ಲಿ ಕಾಂಡದ ರಚನೆಯಿಂದ ಜಾತಿಗಳನ್ನು ಬೇರ್ಪಡಿಸುವ ಬಗೆಯನ್ನು ವಿವರಿಸಿದರು. ಅಡ್ಡಕೊಯ್ತದಲ್ಲಿ ಕ್ಯಾಲಮಸ್‌ನ ಪ್ರತಿ ನಾಳಕೂರ್ಚದಲ್ಲೂ ಸಾಮಾನ್ಯವಾಗಿ ನೀರು ಸಾಗಿಸುವ ದೊಡ್ಡ ನಾಳವೊಂದು, ಅದರ ಇಕ್ಕೆಲಗಳಲ್ಲಿ ಫ್ಲೋಯೆಮ್‌ನ ಎರಡು ಗುಂಪುಗಳು. ಪ್ಲೆಕ್ಟೊಕೋಮಿಯ, ಕೋರ್ತಾಲ್ಸಿಯಗಳಲ್ಲಿ ಫ್ಲೋಯೆಮ್‌ನ ಗುಂಪು ಒಂದೇ.

ಭೌತವಿಜ್ಞಾನದವನಾದ ನನಗೆ ಆ ದೊಡ್ಡ ನಾಳವೇ ಹೆಚ್ಚು ಆಕರ್ಷಕ. ಬೇರೆಲ್ಲ ಒಂದೇ ಆಗಿದ್ದು ನಾಳದ ವ್ಯಾಸ ಇಮ್ಮಡಿಯಾದರೆ ಹರಿವು 16 ಪಟ್ಟಾಗುತ್ತದೆ. ತೆಳುಕಾಂಡದ ಬಳ್ಳಿ ಮರದ ನೆತ್ತಿಗೆ ನೀರೊಯ್ಯಲು ಇದು ಅನುಕೂಲ.

ಜಾತಿ ತಿಳಿಯುವುದು ಸುಲಭ, ಪ್ರಭೇದ ತಿಳಿಯುವುದು ಕಷ್ಟ. ನಾಳದ ಅಗಲ, ನಾರಿನ ಪ್ರಮಾಣಗಳು ಪ್ರಭೇದಕ್ಕೊಂದು ಬಗೆ, ಸರಿ. ಆದರೆ ಒಂದೇ ಕಾಂಡದಲ್ಲೂ ಬುಡದಿಂದ ತುದಿಗೆ, ಅಂಚಿನಿಂದ ನಡುವಿಗೆ ಅವು ಬದಲಾಗುತ್ತವೆ. ಎರಡು ತುಣುಕುಗಳನ್ನು ಹೋಲಿಸುವಾಗ ಅವು ಕಾಂಡದ ಯಾವ ಭಾಗದವೆಂದು ಮೊದಲು ಕೇಳಬೇಕು. 2015ರಲ್ಲಿ ಬೇಕರ್ ಅವರು ಡೀಮೊನೊರಾಪ್ಸ್ ಮೊದಲಾದ ಜಾತಿಗಳನ್ನು ಕ್ಯಾಲಮಸ್‌ಗೆ ಸೇರಿಸಿದ ಮೇಲೆ ಹಳೆಯ ಕೋಷ್ಟಕಗಳನ್ನು ಓದುವಾಗ ಹೆಸರುಗಳನ್ನೂ ಹೊಂದಿಸಿಕೊಳ್ಳಬೇಕು.

ಮುರಿದ ಬೆತ್ತದ ತುಂಡೊಂದನ್ನು ನೆನೆಸಿ, ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಮಸೂರದಲ್ಲಿ ನೋಡಿ. ಸೂಜಿ ಚುಚ್ಚಿದಂತೆ ಕಾಣುವ ರಂಧ್ರಗಳೇ ಆ ನಾಳಗಳು. ಫ್ಲೋಯೆಮ್ ಎಣಿಸಲು ಮಾತ್ರ ಸೂಕ್ಷ್ಮದರ್ಶಕ ಬೇಕು.